ಅಪ್ಪನ ಪೆಟ್ ಸ್ಕ್ಯಾನ್, ಎರಡು ಸಲ, ಮೈಸೂರಲ್ಲಿ (5ಕ್ಕೆ 3.5)

ಸೆಂಟರ್ ಹೆಸರು ಹಾಕಲ್ಲ, ಬೈಯೋದೂ ಇದೆ ಹೊಗಳೋದೂ ಇದೆ. ನಾವು ಕೊಡಗಿನ ಸುಂಟಿಕೊಪ್ಪ ಕಡೆಯವ್ರು. ಅಪ್ಪಂಗೆ ಅಕ್ಕಿರೊಟ್ಟಿ ಎದೆ ಹತ್ರ ನಿಂತ್ಕೊಳ್ತಿತ್ತು, ಆಮೇಲಾಮೇಲೆ ಗಂಜಿನೂ ಇಳೀತಿರ್ಲಿಲ್ಲ, ಎಂಡೋಸ್ಕೋಪಿ ಮಾಡ್ಸಿದ್ರೆ ಅನ್ನನಾಳದ ಕ್ಯಾನ್ಸರ್, ಅದ್ರಲ್ಲಿ ಸ್ಕ್ವಾಮಸ್ ಅನ್ನೋ ಜಾತಿ ಅಂತೆ. ಆಪರೇಷನ್‌ಗೆ ಮುಂಚೆ ಪೆಟ್-ಸಿಟಿ (ಮೈಯಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡೋ ಸ್ಕ್ಯಾನ್) ಬೇಕೇ ಬೇಕು ಅಂದ್ರು ಡಾಕ್ಟ್ರು, ಬೇರೆ ಕಡೆ ಹರಡಿದ್ರೆ ಅಷ್ಟು ದೊಡ್ಡ ಆಪರೇಷನ್ ಮಾಡಿ ಏನ್ ಪ್ರಯೋಜನ ಅಂತ.

ಮೊದಲ್ನೇದು ಡಿಸೆಂಬರಲ್ಲಿ. ಫೋನಲ್ಲಿ ಹೇಳಿದ್ದು ಒಂದೇ ಮಾತು, ಖಾಲಿ ಹೊಟ್ಟೇಲಿ ಬನ್ನಿ. ಹಿಂದಿನ ದಿನ ಮೈ ಬಗ್ಗಿಸಿ ಕೆಲ್ಸ ಮಾಡ್ಬಾರ್ದು ಅಂತ ಯಾರೂ ಹೇಳ್ಲಿಲ್ಲ, ಕಾಫಿ ಕುಯ್ಲು ಬೇರೆ, ನಮ್ಮಪ್ಪ ಸಂಜೆವರೆಗೂ ತೋಟದಲ್ಲೇ. ಅಲ್ಲಿಗ್ ಹೋದ್ಮೇಲೆ ಟೆಕ್ನಿಷಿಯನ್ ಕೇಳ್ತಾರೆ, ನಿನ್ನೆ ಏನ್ ಮಾಡಿದ್ರಿ ಅಂತ! ಕೈಗೆ ಚುಚ್ಚೋ ಎಫ್‌ಡಿಜಿ ಅನ್ನೋದು ಒಂಥರಾ ಸಕ್ಕರೆ, ಗಡ್ಡೆ ಅದನ್ನ ಜಾಸ್ತಿ ಎಳ್ಕೊಳುತ್ತೆ ಅದಕ್ಕೇ ಸ್ಕ್ಯಾನಲ್ಲಿ ಹೊಳೆಯೋದು, ಆದ್ರೆ ದಣಿದ ಮಾಂಸಖಂಡನೂ ಎಳ್ಕೊಳುತ್ತೆ. ಚಳೀಲಿ ಕೂತ್ರೆ ಕುತ್ತಿಗೆ ಹತ್ರ ಇರೋ ಕಂದು ಕೊಬ್ಬೂ ಹೊಳೆಯುತ್ತಂತೆ. ಇಷ್ಟೆಲ್ಲಾ ಗೊತ್ತಿದ್ದೂ ಇಂಜೆಕ್ಷನ್ ಆದ್ಮೇಲೆ ಒಂದ್ ಗಂಟೆ ಮಲಗ್ಸೋ ರೂಮಲ್ಲಿ ಏಸಿ ಮಡಿಕೇರಿ ಜುಲೈ ತರ. ಮೂರು ಸಲ ಕೇಳಿದ್ಮೇಲೆ ಕಂಬಳಿ ಬಂತು, ನೀವೇ ಒಂದು ತಗೊಂಡ್ ಹೋಗಿ.

ಆ ಎಫ್‌ಡಿಜಿ ಡೋಸ್ ಬರೋದೂ ಲೇಟು, ಅದಕ್ಕೆ ಮಾತ್ರ ಅವರನ್ನ ದೂರಲ್ಲ. ಅದ್ರಲ್ಲಿರೋ ವಿಕಿರಣ ಸೂಸೋ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧ ಆಗೋಗುತ್ತೆ, ಸ್ಟಾಕ್ ಇಡಕ್ಕಾಗಲ್ಲ. ಶುಗರ್ ಇರೋರು ಮುಂಚೇನೇ ಹೇಳಿ, 200 ದಾಟಿದ್ರೆ ಸಾಮಾನ್ಯವಾಗಿ ವಾಪಸ್ ಕಳಿಸ್ತಾರೆ. ಅಪ್ಪಂದು 168 ಇತ್ತು, ಬಚಾವ್.

ಎರಡನೇದು ಕೀಮೋ, ರೇಡಿಯೇಷನ್ ಎಲ್ಲಾ ಮುಗ್ದು ಕೆಲವು ವಾರ ಬಿಟ್ಟು, ಹೂಮಳೆ ಬಿದ್ದ ವಾರ. ತಕ್ಷಣ ಮಾಡಿದ್ರೆ ರೇಡಿಯೇಷನ್ನಿನ ಉರಿಯೂತನೇ ಕ್ಯಾನ್ಸರ್ ತರ ಕಾಣುತ್ತಂತೆ. ಗಡ್ಡೆ ಆ ಸಕ್ಕರೆನ ಎಷ್ಟು ಎಳ್ಕೊಂಡಿದೆ ಅಂತ ಹೇಳೋ ಎಸ್‌ಯುವಿ ಅಂತ ಒಂದು ನಂಬರ್ ಬರುತ್ತೆ (ನಮ್ ತಮ್ಮ ಕಾರು ಅನ್ಕೊಂಡಿದ್ದ), ಅದು 14ರಿಂದ 5ಕ್ಕೆ ಇಳಿದಿತ್ತು. ನಾನು ರಾತ್ರಿಯೆಲ್ಲಾ ಕೂತು ಓದಿದ್ದೆ, ಮ್ಯೂನಿಕ್‌ನಲ್ಲಿ 2007ರಲ್ಲಿ ಬಂದ ಸ್ಟಡೀಲಿ ಕೀಮೋ ಶುರುವಾಗಿ ಎರಡು ವಾರಕ್ಕೆ ಈ ನಂಬರ್ 35 ಪರ್ಸೆಂಟ್ ಆದ್ರೂ ಇಳಿದವ್ರು ಆಪರೇಷನ್ ಆದ್ಮೇಲೆ ಜಾಸ್ತಿ ಕಾಲ ಬದುಕಿದ್ರು ಅಂತ. ಹಂಗಾದ್ರೆ ಅಪ್ಪ ಪಾಸಾ ಅಂತ ಕೇಳೇಬಿಟ್ಟೆ. ಅಲ್ಲಿನ ಡಾಕ್ಟ್ರು ಹತ್ತು ನಿಮಿಷ ಕೂರಿಸ್ಕೊಂಡು ಚಿತ್ರ ತೋರ್ಸಿ ಹೇಳಿದ್ರು: ಆ ಸ್ಟಡಿ ಅನ್ನನಾಳ ಹೊಟ್ಟೆ ಸೇರೋ ಜಾಗದ ಅಡಿನೋ ಅನ್ನೋ ಬೇರೆ ಜಾತಿ ಕ್ಯಾನ್ಸರ್ ಮೇಲೆ ಮಾಡಿದ್ದು, ಬರೀ ಕೀಮೋ, ನಿಮ್ಮ ತಂದೆಗೆ ಹಂಗೇ ಅಂಟಿಸ್ಬೇಡಿ. ಇಳಿದಿರೋದು ಒಳ್ಳೇ ಸೂಚನೆ, ಆದ್ರೆ ಚೂರು ಉಳಿದಿದ್ರೆ ಮಷೀನಿಗೆ ಕಾಣಲ್ಲ, ತೆಗ್ದಿದ್ದನ್ನ ಲ್ಯಾಬಲ್ಲಿ ನೋಡಿದಾಗ ಲಿಂಫ್ ಗಂಟುಗಳಲ್ಲಿ (ದುಗ್ಧಗ್ರಂಥಿ) ಏನಿದೆ ಅನ್ನೋದು ಇನ್ನೂ ಹೆಚ್ಚು ಹೇಳುತ್ತೆ ಅಂತ. ಮೂರೂವರೆ ಸ್ಟಾರ್ ಆ ಹತ್ತು ನಿಮಿಷಕ್ಕೇ.

ಆಪರೇಷನ್ ಆಗಿ ಐದು ತಿಂಗಳು. ಲ್ಯಾಬ್ ರಿಪೋರ್ಟಲ್ಲಿ ಅಂಥ ಒಂದು ಗಂಟಿನೊಳಗೆ ಕ್ಯಾನ್ಸರ್ ಇತ್ತು, ಸ್ಕ್ಯಾನಲ್ಲಿ ಅದು ಕಂಡಿರ್ಲಿಲ್ಲ. ಅಪ್ಪ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿಂತಾರೆ, ನೂಪುಟ್ಟು (ಅಕ್ಕಿ ಶಾವಿಗೆ) ಹಾಲಲ್ಲಿ ನೆನೆಸಿ ಕೊಟ್ರೆ ಇಳಿಯುತ್ತೆ. ಸ್ಟಾರ್ ಒಂದು ಕಟ್ ಮಾಡಿದ್ದು ಆ ಫೋನಿಗೆ, ಅರ್ಧ ಕಂಬಳಿಗೆ.