ಪಿಕಪ್‌ನ ಹಿಂಬದಿ ದೀಪ ಮತ್ತು ಟ್ರೈಲರ್ ವೈರಿಂಗ್: ಹಾಕಿ ನೋಡಿದ ಮೇಲಿನ ಹೋಲಿಕೆ

ಬ್ರೇಕ್ ತುಳಿದರೆ ಎಡಗಡೆಯ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದೇ ಬದಿಯ ಟೇಲ್ ಲೈಟ್ ಅದರ ಲಯಕ್ಕೆ ಸರಿಯಾಗಿ ಮಿಣುಕುತ್ತಿತ್ತು. ಟ್ರೈಲರ್ ಜೋಡಿಸಿದ ದಿನಗಳಲ್ಲಂತೂ ಹಿಂದೆ ಬರುವವರಿಗೆ ನಾನು ನಿಲ್ಲುತ್ತಿದ್ದೇನೆಯೇ ತಿರುಗುತ್ತಿದ್ದೇನೆಯೇ ಎಂಬುದು ತಿಳಿಯುವಂತಿರಲಿಲ್ಲ. ಇದನ್ನು ಸರಿಪಡಿಸುವ ದಾರಿಯಲ್ಲಿ ಮೂರು ಬಗೆಯ ದೀಪಗಳನ್ನೂ ಮೂರು ಬಗೆಯ ತಂತಿ ಜೋಡಣೆಗಳನ್ನೂ ಟ್ರೈಲರಿಗೆ ಕರೆಂಟ್ ಕೊಡುವ ಎರಡು ವಿಧಾನಗಳನ್ನೂ ಒಂದಾದ ಮೇಲೊಂದರಂತೆ ಇದೇ ವಾಹನದ ಮೇಲೆ ಬಳಸಿ ನೋಡಿದ್ದೇನೆ.

ಹೋಲಿಕೆಗೆ ಮೊದಲು ಅರ್ಥಿಂಗ್ (ದೀಪದ ಕರೆಂಟ್ ವಾಹನದ ಲೋಹದ ಚೌಕಟ್ಟಿನ ಮೂಲಕ ಬ್ಯಾಟರಿಗೆ ಮರಳುವ ದಾರಿ) ವಿಷಯವನ್ನು ಹೇಳಲೇಬೇಕು, ಏಕೆಂದರೆ ಅದನ್ನು ಬಿಟ್ಟು ಮಾಡಿದ ಯಾವ ಹೋಲಿಕೆಗೂ ಬೆಲೆಯಿಲ್ಲ. ಎಡ ದೀಪವನ್ನು ಬಿಚ್ಚಿ ಅದರ ಅರ್ಥ್ ತಂತಿಯ ಜಾಡು ಹಿಡಿದು ಹೋದಾಗ, ಚಾಸಿಗೆ ಬಿಗಿದಿದ್ದ ಬಳೆಯಾಕಾರದ ಟರ್ಮಿನಲ್ಲಿನ ಕೆಳಗೆ ಬಣ್ಣದ ಪದರವೂ ಅದರ ಮೇಲೆ ಕಂದು ತುಕ್ಕೂ ಸೇರಿಕೊಂಡಿದ್ದವು. ಬ್ರೇಕ್ ಲೈಟ್ ಉರಿಯುತ್ತಿರುವಾಗ ದೀಪದ ಅರ್ಥ್ ತುದಿಗೂ ಬ್ಯಾಟರಿಯ ಮೈನಸ್ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ 1.8 ವೋಲ್ಟ್ ತೋರಿಸಿತು. ಅಲ್ಲಿ 0.1 ವೋಲ್ಟ್‌ಗಿಂತ ಹೆಚ್ಚು ಇರಬಾರದು. ಬ್ಯಾಟರಿಗೆ ಮರಳುವ ದಾರಿ ಮುಚ್ಚಿದಾಗ ಕರೆಂಟ್ ಪಕ್ಕದ ಬಲ್ಬಿನ ತಂತುವಿನ ಮೂಲಕ ನುಗ್ಗಿ ಬೇರೊಂದು ದಾರಿ ಹುಡುಕಿಕೊಳ್ಳುತ್ತದೆ. ಸಂಬಂಧವಿಲ್ಲದ ಇಂಡಿಕೇಟರ್ ಮಂಕಾಗಿ ಉರಿಯುವುದಕ್ಕೆ ಇದೇ ಕಾರಣ. ಲೋಹ ಹೊಳೆಯುವ ತನಕ ಉಜ್ಜುಕಾಗದದಿಂದ ತಿಕ್ಕಿ, ಹೊಸ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಸವರಿದ ಬಳಿಕ ಅದೇ ಅಳತೆ 0.06 ವೋಲ್ಟಿಗೆ ಇಳಿಯಿತು. ಮುಂದೆ ಹೇಳುವುದೆಲ್ಲವೂ ಇದಾದ ನಂತರದ ಅನುಭವ.

ದೀಪಗಳಲ್ಲಿ ಮೊದಲನೆಯದು ಹಳೆಯ ಹೌಸಿಂಗಿನಲ್ಲೇ ಹೊಸ ತಂತು ಬಲ್ಬ್, ಅಂದರೆ ಬ್ರೇಕಿಗೆ 21 ವ್ಯಾಟ್ ಮತ್ತು ಟೇಲ್ ಲೈಟಿಗೆ 5 ವ್ಯಾಟ್ ಇರುವ ಜೋಡಿ ತಂತುವಿನದು. ಹೋಲ್ಡರಿನ ಕಿಲುಬನ್ನು ಕೆರೆದು, ಮಾಸಿದ ಕೆಂಪು ಲೆನ್ಸನ್ನು ಉಜ್ಜಿ ಹೊಳಪು ಕೊಟ್ಟ ಮೇಲೆ ಇದರ ಬೆಳಕು ನಾನು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಎರಡನೆಯದು ಅದೇ ಹೋಲ್ಡರಿಗೆ ಕೂರುವ ಎಲ್‌ಇಡಿ ಬಲ್ಬ್. ನೇರ ಹಿಂದೆ ನಿಂತು ನೋಡಿದರೆ ಕಣ್ಣು ಕುಕ್ಕುವಷ್ಟು ಪ್ರಕಾಶವಿತ್ತು, ಆದರೆ ನಾಲ್ಕು ಹೆಜ್ಜೆ ಬದಿಗೆ ಸರಿದರೆ ಬೆಳಕು ಸೊರಗುತ್ತಿತ್ತು. ಆ ಪ್ರತಿಫಲಕದ ಬಾಗು ತಂತು ಇರುವ ಒಂದೇ ಬಿಂದುವಿಗೆ ಹೊಂದುವಂತೆ ರೂಪುಗೊಂಡಿರುವುದರಿಂದ, ಬೇರೆ ಬೇರೆ ಕಡೆಗೆ ಮುಖಮಾಡಿದ ಎಲ್‌ಇಡಿ ಚಿಪ್‌ಗಳ ಬೆಳಕನ್ನು ಅದು ಸರಿಯಾಗಿ ಹರಡಲಾರದು. ಬಿಳಿ ಎಲ್‌ಇಡಿಯನ್ನು ಕೆಂಪು ಲೆನ್ಸಿನ ಹಿಂದೆ ಇಟ್ಟಾಗ ಬಣ್ಣವೂ ನಸುಗೆಂಪಿಗೆ ತಿರುಗಿತು. ಕೆಂಪು ಎಲ್‌ಇಡಿಯನ್ನೇ ಹಾಕಿದಾಗ ಆ ದೋಷ ಹೋಯಿತು, ಹರಡುವಿಕೆಯ ದೋಷ ಮಾತ್ರ ಉಳಿಯಿತು.

ಮೂರನೆಯದು ಲೆನ್ಸ್, ಹೌಸಿಂಗ್, ಎಲ್‌ಇಡಿ ಎಲ್ಲವೂ ಒಟ್ಟಿಗೆ ವಿನ್ಯಾಸಗೊಂಡು ಮುದ್ರೆ ಹಾಕಿದಂತೆ ಮುಚ್ಚಿಕೊಂಡು ಬರುವ ಪೂರ್ಣ ದೀಪ. ಅದನ್ನೇ ಈಗ ಉಳಿಸಿಕೊಂಡಿದ್ದೇನೆ. ಬದಿಯಿಂದಲೂ ಅದು ಸ್ಪಷ್ಟವಾಗಿ ಕಾಣುತ್ತದೆ, ನೀರು ಒಳಗೆ ಇಳಿಯುವುದಿಲ್ಲ, ಹೋಲ್ಡರ್ ಎಂಬುದೇ ಇಲ್ಲದ್ದರಿಂದ ಕಿಲುಬು ಹಿಡಿಯುವ ಒಂದು ಜಾಗವೇ ಕಡಿಮೆಯಾಯಿತು. ಇನ್ನೊಂದು ಗುಣವೂ ಇದೆ: ತಂತು ಕಾದು ಪೂರ್ಣ ಬೆಳಕಿಗೆ ಬರಲು ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ, ಎಲ್‌ಇಡಿ ತಕ್ಷಣ ಬೆಳಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವರು ಅಷ್ಟು ಹೊತ್ತಿನಲ್ಲಿ ಐದೂವರೆ ಮೀಟರ್ ಮುಂದೆ ಬಂದಿರುತ್ತಾರೆ. ಭಾರ ಹೇರಿದ ಟ್ರೈಲರ್ ಎಳೆಯುವವರಿಗೆ ಇದು ಸಣ್ಣ ಅಂತರವಲ್ಲ. ಆದರೆ ಒಳಗೊಂದು ಎಲ್‌ಇಡಿ ಕೆಟ್ಟರೆ ಇಡೀ ದೀಪವನ್ನೇ ಬದಲಿಸಬೇಕು ಎಂಬುದು ನಿಜ. ದೂರದ ಊರುಗಳಿಗೆ ಓಡಾಡುವವರು ತಂತು ಬಲ್ಬಿನಲ್ಲೇ ಉಳಿದರೆ ಅದನ್ನು ನಾನು ತಪ್ಪೆನ್ನುವುದಿಲ್ಲ.

ಎಲ್‌ಇಡಿ ಹಾಕಿದೊಡನೆ ಇಂಡಿಕೇಟರ್ ದುಪ್ಪಟ್ಟು ವೇಗದಲ್ಲಿ ಮಿಣುಕತೊಡಗಿತು. ಕರೆಂಟ್ ಇಳಿದದ್ದನ್ನು ಕಂಡ ಫ್ಲ್ಯಾಶರ್ (ಇಂಡಿಕೇಟರನ್ನು ಮಿಣುಕಿಸುವ ಸಾಧನ) ಬಲ್ಬ್ ಸುಟ್ಟಿದೆಯೆಂದು ಭಾವಿಸುವುದರಿಂದ ಹೀಗಾಗುತ್ತದೆ. ಮೊದಲು ತಂತು ಬಲ್ಬಿನಷ್ಟೇ ಕರೆಂಟ್ ಎಳೆದು ಫ್ಲ್ಯಾಶರನ್ನು ನಂಬಿಸಲು 6 ಓಮ್‌ನ ಲೋಡ್ ರೆಸಿಸ್ಟರ್ ಹಾಕಿದೆ. ವೇಗ ಸರಿಹೋಯಿತು, ಆದರೆ 13.5 ವೋಲ್ಟಿನಲ್ಲಿ ಅದು 30 ವ್ಯಾಟ್‌ನಷ್ಟು ಶಾಖ ಕಾರುತ್ತದೆ. ಹಜಾರ್ಡ್ ಲೈಟ್ ಹಾಕಿ ಕೆಲವು ನಿಮಿಷ ನಿಲ್ಲಿಸಿದ ಮೇಲೆ ಮುಟ್ಟಲು ಹೋದ ಬೆರಳನ್ನು ಕೂಡಲೇ ಹಿಂದೆಗೆಯಬೇಕಾಯಿತು, ಪಕ್ಕದ ಪ್ಲಾಸ್ಟಿಕ್ ಕ್ಲಿಪ್ ಮೆತ್ತಗಾಗಿತ್ತು. ಅದನ್ನು ತೆಗೆದು, ಬಲ್ಬಿನ ಕರೆಂಟನ್ನು ಲೆಕ್ಕಿಸದೆ ಮಿಣುಕಿಸುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ರಿಲೇ ಹಾಕಿದ್ದೇನೆ. ರಿಲೇ ಬದಲಿಸಲು ಬರುವ ವಾಹನಗಳಲ್ಲಿ ರೆಸಿಸ್ಟರಿನ ಗೋಜಿಗೇ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಂತಿ ಜೋಡಣೆಯಲ್ಲಿ ಒತ್ತಿದರೆ ಕಚ್ಚಿಕೊಳ್ಳುವ ಟ್ಯಾಪ್ ಕ್ಲಿಪ್ಪುಗಳು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟವು. ಒಂದು ಮಳೆಗಾಲ ಕಳೆದ ಮೇಲೆ ಒಂದನ್ನು ಬಿಡಿಸಿ ನೋಡಿದಾಗ ಕ್ಲಿಪ್ಪಿನ ಅಲಗು ಏಳೆಂಟು ಎಳೆಗಳನ್ನು ಕತ್ತರಿಸಿತ್ತು, ಅಲ್ಲಿಂದ ಒಳನುಗ್ಗಿದ ಹಸಿರು ಕಿಲುಬು ಇನ್ಸುಲೇಶನ್ನಿನ ಒಳಗೇ ಒಂದು ಗೇಣು ದೂರ ಹಬ್ಬಿತ್ತು. ಬೆಸುಗೆ ಹಾಕಿದ ಜೋಡಣೆ ವಿದ್ಯುತ್ತಿಗೆ ಉತ್ತಮವೇ, ಆದರೆ ಸೀಸ ಹೀರಿದ ತಂತಿ ಗಡಸಾಗಿ, ಆ ಗಡಸು ಭಾಗ ಮುಗಿಯುವ ಅಂಚಿನಲ್ಲಿ ಅದುರುವಿಕೆಗೆ ತುಂಡಾಗುತ್ತದೆ; ನನ್ನಲ್ಲಿ ಬಂಪರಿನ ಹಿಂದಿನ ಒಂದು ಹಾಗೆಯೇ ತುಂಡಾಯಿತು. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ (ಹೀಟ್ ಶ್ರಿಂಕ್) ತೋಳಿನ ಕ್ರಿಂಪ್ ಕನೆಕ್ಟರುಗಳನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಬಿಸಿ ಮಾಡಿದಾಗ ಎರಡೂ ತುದಿಗಳಲ್ಲಿ ಅಂಟು ತುಸು ಹೊರಗೆ ಒಸರುತ್ತದೆ. ಆ ಒಸರು ಕಂಡರೆ ನೀರು ಒಳಗೆ ಹೋಗುವುದಿಲ್ಲವೆಂದು ನಂಬಬಹುದು. ಹಾಗೆ ಮಾಡಿದ ಒಂದೂ ಈವರೆಗೆ ಕೆಟ್ಟಿಲ್ಲ.

ಇನ್ನು ಟ್ರೈಲರ್. ಪಿಕಪ್‌ನ ದೀಪದ ತಂತಿಗಳಿಂದಲೇ ಕವಲು ತೆಗೆದು ಟ್ರೈಲರಿಗೆ ಕೊಡುವುದು ಮೊದಲ ವಿಧಾನ. ಆಗ ನಾಲ್ಕು 21 ವ್ಯಾಟ್ ಬಲ್ಬುಗಳ ಭಾರ, ಅಂದರೆ 12 ವೋಲ್ಟಿನಲ್ಲಿ 7 ಆಂಪಿಯರ್, ಒಂದೇ ಬ್ರೇಕ್ ಸ್ವಿಚ್ಚಿನ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಒಂದು ಸಂಜೆ ಟ್ರೈಲರಿನ ಚೌಕಟ್ಟಿಗೆ ಉಜ್ಜಿ ಸಿಪ್ಪೆ ಸುಲಿದ ತಂತಿಯೊಂದು ಲೋಹಕ್ಕೆ ತಗುಲಿ ಫ್ಯೂಸ್ ಹಾರಿತು. ಟ್ರೈಲರಿನದಷ್ಟೇ ಅಲ್ಲ, ಪಿಕಪ್‌ನ ಬ್ರೇಕ್ ಲೈಟುಗಳೂ ಆರಿದವು, ಮತ್ತು ಅದು ನನಗೆ ತಿಳಿದದ್ದು ಹಿಂದಿನ ವಾಹನದವರು ಪಕ್ಕಕ್ಕೆ ಬಂದು ಕೈಸನ್ನೆ ಮಾಡಿದಾಗ.

ಎರಡನೆಯ ವಿಧಾನದಲ್ಲಿ ಟ್ರೈಲರ್ ಮಾಡ್ಯೂಲ್ ಬ್ಯಾಟರಿಯಿಂದ ಪ್ರತ್ಯೇಕ ತಂತಿಯ ಮೂಲಕ ಕರೆಂಟ್ ಪಡೆದು, ಪಿಕಪ್‌ನ ದೀಪಗಳಿಂದ ಸಂಕೇತವನ್ನು ಮಾತ್ರ ಓದುತ್ತದೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇಟ್ಟಿದ್ದೇನೆ, ಏಕೆಂದರೆ ಫ್ಯೂಸ್ ದೂರವಿದ್ದರೆ ಅಲ್ಲಿಯವರೆಗಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ. ಈಗ ಬೇಕೆಂದೇ ಟ್ರೈಲರ್ ಬದಿಯಲ್ಲಿ ಶಾರ್ಟ್ ಮಾಡಿ ನೋಡಿದಾಗ ಆ ಫ್ಯೂಸ್ ಮಾತ್ರ ಹೋಯಿತು, ಪಿಕಪ್‌ನ ದೀಪಗಳು ಉರಿಯುತ್ತಲೇ ಇದ್ದವು. ವೈರಿಂಗ್ ಕೆಲಸ ಒಂದು ದಿನ ಹೆಚ್ಚಾಗುತ್ತದೆ. ಆದರೂ ಕವಲು ತೆಗೆಯುವ ವಿಧಾನಕ್ಕೆ ನಾನು ಮತ್ತೆ ಹೋಗುವುದಿಲ್ಲ. ಒಂದೇ ತಂತಿಯಲ್ಲಿ ಪಲ್ಸ್ ರೂಪದಲ್ಲಿ ಟೇಲ್ ಮತ್ತು ಬ್ರೇಕ್ ಸಂಕೇತ ಎರಡನ್ನೂ ಕಳಿಸುವ ಹೊಸ ವಾಹನಗಳಿಗೆ ಅದನ್ನು ಓದಬಲ್ಲ ಮಾಡ್ಯೂಲನ್ನೇ ಆರಿಸಬೇಕು, ಇಲ್ಲವಾದರೆ ಟ್ರೈಲರಿನ ದೀಪಗಳು ನಡುಗುತ್ತವೆ.

ಪ್ಲಗ್ ಮಾತ್ರ ಮೊದಲಿನದೇ: ಐಎಸ್‌ಒ 1724 ಮಾದರಿಯ ಏಳು ಪಿನ್ನಿನದು. ಅದರಲ್ಲಿ ಮೂರನೆಯ ಪಿನ್ನಿನ ಬಿಳಿ ತಂತಿ ಅರ್ಥ್, ಮತ್ತು ಟ್ರೈಲರಿನ ಎಲ್ಲ ದೀಪಗಳ ಕರೆಂಟೂ ಆ ಒಂದರಲ್ಲೇ ಮರಳುವುದರಿಂದ ಅದನ್ನು ಉಳಿದವಕ್ಕಿಂತ ದಪ್ಪ ಹಾಕಿದ್ದೇನೆ. ಅದು ಕಡಿದರೆ ಕರೆಂಟ್ ಹಿಚ್‌ನ (ಟ್ರೈಲರನ್ನು ಪಿಕಪ್‌ಗೆ ಕೊಂಡಿ ಹಾಕುವ ಭಾಗದ) ಗುಂಡಿನ ಮೂಲಕ ಮರಳಲು ನೋಡುತ್ತದೆ. ಗ್ರೀಸೂ ತುಕ್ಕೂ ಮೆತ್ತಿದ ಆ ಗುಂಡಿನಿಂದಾಗಿ ರಸ್ತೆಯ ಪ್ರತಿ ಹಳ್ಳಕ್ಕೂ ದೀಪಗಳು ಆರಿ ಹೊತ್ತುತ್ತವೆ. ಪ್ರತಿ ಬಾರಿ ಟ್ರೈಲರ್ ಕಟ್ಟುವಾಗ ಈಗ ನಾನು ಮೊದಲು ನೋಡುವುದು ಆ ಬಿಳಿ ತಂತಿಯ ತುದಿಯನ್ನು.