ಎರಡೂವರೆ ವರ್ಷದ ಬಳಕೆಯ ನಂತರ: ‘ಸರ್ಟಿಫೈಡ್’ ಕಾರಿನ ಎಡ ಏಪ್ರನ್

2023ರ ಜೂನ್‌ನಲ್ಲಿ, ಸರ್ಟಿಫೈಡ್ ಹಳೆಯ ಕಾರುಗಳನ್ನು ಮಾರುವ ಬೆಂಗಳೂರಿನ ಕಂಪನಿಯೊಂದರಿಂದ 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು 5,60,000 ರೂಪಾಯಿಗೆ ಕೊಂಡೆ. ಆಗ ಅದು 38,000 ಕಿಲೋಮೀಟರ್ ಓಡಿತ್ತು. ಈಗ ಮೀಟರಿನಲ್ಲಿ 69,400 ಇದೆ. ತುಮಕೂರಿನಿಂದ ತಿಂಗಳಿಗೆರಡು ಬಾರಿ ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮಂಡಿನೋವಿರುವ ಅವರು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದಾದ ಕಾರು ಬೇಕಾಗಿತ್ತು. ಊರಿನ ಬ್ರೋಕರ್ ಒಬ್ಬರ ಬಳಿ ಇಂಥದೇ ಗಾಡಿ ಐವತ್ತು ಸಾವಿರ ಕಡಿಮೆಗೆ ಸಿಗುತ್ತಿದ್ದರೂ ನಾನು ಹೆಚ್ಚು ಹಣ ಕೊಟ್ಟು ಕಂಪನಿಯಿಂದಲೇ ಕೊಂಡದ್ದು ಜಾಹೀರಾತಿನಲ್ಲಿದ್ದ ‘ಅಪಘಾತರಹಿತ’ ಎಂಬ ಒಂದೇ ಮಾತನ್ನು ನಂಬಿ. ಆ ಮಾತು ನಿಜವಾಗಿರಲಿಲ್ಲ. ಆಮೇಲೆ ಕಂಪನಿಯೊಂದಿಗೆ ಮಾಡಿಕೊಂಡ ರಾಜಿ ಪತ್ರದ ಷರತ್ತಿನಂತೆ ಅದರ ಹೆಸರನ್ನು ನಾನು ಬರೆಯುವಂತಿಲ್ಲ; ಕಾರು ತಯಾರಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲವಾದ್ದರಿಂದ ಆ ಹೆಸರನ್ನೂ ಬಿಟ್ಟಿದ್ದೇನೆ.

ಸೇವೆಯಲ್ಲಿ ಚೆನ್ನಾಗಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಆರ್‌ಸಿ ವರ್ಗಾವಣೆ ಐದು ವಾರಗಳಲ್ಲಿ ಮುಗಿಯಿತು, ನಾನು ಒಮ್ಮೆಯೂ ಆರ್‌ಟಿಓ ಕಚೇರಿಗೆ ಹೋಗಬೇಕಾಗಲಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಇಂದಿಗೂ ತೊಂದರೆ ಕೊಟ್ಟಿಲ್ಲ, ಹೆದ್ದಾರಿಯಲ್ಲಿ ಲೀಟರಿಗೆ ಹದಿನೇಳು ಕಿಲೋಮೀಟರ್ ಬರುತ್ತದೆ, ಎಸಿ ಚೆನ್ನಾಗಿದೆ. ಬ್ಯಾಟರಿ ಒಮ್ಮೆ ಬದಲಾಯಿಸಿದ್ದೇನೆ, ಅದು ವಯಸ್ಸಿನ ಖರ್ಚು.

ಕೊಂಡು ಎಂಟು ತಿಂಗಳಾದ ಮೇಲೆ ಎಡಗಡೆಯ ಮುಂದಿನ ಟೈರು ಒಳ ಅಂಚಿನಲ್ಲಿ ಮಾತ್ರ ತಂತಿ ಕಾಣುವಷ್ಟು ಸವೆದಿರುವುದು ಗಮನಕ್ಕೆ ಬಂತು. ಬಲಗಡೆಯ ಟೈರು ಸಮವಾಗಿಯೇ ಇತ್ತು. ವೀಲ್ ಅಲೈನ್‌ಮೆಂಟ್ ಮಾಡಿದ ಹುಡುಗ ಎರಡು ಬಾರಿ ಪ್ರಯತ್ನಿಸಿ, ಎಡ ಚಕ್ರದ ಕ್ಯಾಂಬರ್ (ಚಕ್ರ ಒಳಗೆ-ಹೊರಗೆ ವಾಲುವ ಕೋನ) ಸರಿಹೊಂದುತ್ತಿಲ್ಲ, ಒಮ್ಮೆ ಟಿಂಕರಿಂಗ್ ಮಾಡುವವರಿಗೆ ತೋರಿಸಿ ಎಂದ. ಹೀಗೆ ನಾನು ಶಿರಾಗೇಟ್ ಬಳಿಯ ಹಿರಿಯ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹೋದೆ. ಅವರು ಬಾನೆಟ್ ಎತ್ತಿಸಿ, ಯಾವ ಉಪಕರಣವನ್ನೂ ಮುಟ್ಟದೆ, ಮೊಬೈಲಿನ ಟಾರ್ಚ್ ಬೆಳಕನ್ನು ಮೊದಲು ಬಲ ಫೆಂಡರಿನ (ಮುಂದಿನ ಚಕ್ರದ ಮೇಲಿನ ಹೊರ ತಗಡಿನ) ಬೋಲ್ಟುಗಳ ಮೇಲೆ, ಆಮೇಲೆ ಎಡ ಫೆಂಡರಿನ ಬೋಲ್ಟುಗಳ ಮೇಲೆ ಬಿಟ್ಟರು. ಬಲಗಡೆಯ ಬೋಲ್ಟುಗಳ ತಲೆಯ ಮೇಲೆ ಬಣ್ಣ ಒಡೆಯದೆ ಬಾಡಿಯ ಬಣ್ಣದೊಂದಿಗೆ ಒಂದಾಗಿತ್ತು. ಎಡಗಡೆಯ ಬೋಲ್ಟುಗಳ ಆರೂ ಮೂಲೆಗಳಲ್ಲಿ ಸ್ಪ್ಯಾನರ್ ತಿರುಗಿದ ಗುರುತಿತ್ತು, ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು. ಫೆಂಡರಿನ ಒಳಗೆ, ಎಂಜಿನ್ ಪಕ್ಕದಲ್ಲಿ ಬಾಡಿಗೆ ಬೆಸೆದಿರುವ ತಗಡಾದ ಏಪ್ರನ್‌ನ ಜೋಡಣೆಯಲ್ಲಿ ಬಲಗಡೆ ಸೀಲಂಟ್ (ಸಂದು ಮುಚ್ಚುವ ಅಂಟು) ಒಂದೇ ಅಗಲದ ಪಟ್ಟಿಯಂತಿದ್ದರೆ ಎಡಗಡೆ ಬೆರಳಿನಲ್ಲಿ ಸವರಿದಂತೆ ಏರುಪೇರಾಗಿತ್ತು. “ಸಾರ್, ಈ ಗಾಡಿಗೆ ಎಡಗಡೆ ಮುಂದೆ ಜೋರಾಗಿ ಏಟು ಬಿದ್ದಿದೆ. ಏಪ್ರನ್ ಕತ್ತರಿಸಿ ಬೇರೆ ಕೂರಿಸಿದ್ದಾರೆ, ನೋಡಿ” ಎಂದರು. ಪಕ್ಕದ ಪೇಂಟ್ ಅಂಗಡಿಯಿಂದ ಬಣ್ಣದ ದಪ್ಪ ಅಳೆಯುವ ಮೀಟರ್ ತರಿಸಿದಾಗ ಛಾವಣಿಯ ಮೇಲೆ 110 ಮೈಕ್ರಾನ್, ಬಲ ಫೆಂಡರಿನಲ್ಲಿ 118, ಎಡ ಫೆಂಡರಿನಲ್ಲಿ 240, ಎಡ ಬಾಗಿಲಿನ ಮುಂದಿನ ಅಂಚಿನಲ್ಲಿ 480 ತೋರಿಸಿತು. ಆ ಕೊನೆಯ ಸಂಖ್ಯೆ ಬಣ್ಣದ್ದಲ್ಲ, ಬಣ್ಣದ ಕೆಳಗೆ ತುಂಬಿದ ಪುಟ್ಟಿಯದು ಎಂದು ಅವರೇ ವಿವರಿಸಿದರು. ಎಡ ಹೆಡ್‌ಲೈಟಿನ ಮೇಲಿದ್ದ ತಯಾರಿಕೆಯ ದಿನಾಂಕ ಕಾರು ತಯಾರಾದದ್ದಕ್ಕಿಂತ ಮೂರು ವರ್ಷ ಈಚಿನದು.

ಇನ್ನೂರು ಅಂಶಗಳನ್ನು ಪರೀಕ್ಷಿಸಿದ್ದೇವೆ ಎನ್ನುವ ಕಂಪನಿಗೆ ಟಾರ್ಚ್ ಬೆಳಕಿನಲ್ಲಿ ಐದು ನಿಮಿಷಕ್ಕೆ ಸಿಕ್ಕ ವಿಷಯ ಕಾಣದೇ ಹೋಯಿತೇ ಎಂಬುದು ಅಂದು ನನ್ನ ಪ್ರಶ್ನೆಯಾಗಿತ್ತು. ಮನೆಗೆ ಬಂದು ಕಾಗದಪತ್ರಗಳನ್ನು ಹರಡಿಕೊಂಡು ಕುಳಿತಾಗ ಮೊದಲ ಸುಳಿವು ಮೊದಲ ದಿನದಿಂದಲೂ ನನ್ನ ಕೈಯಲ್ಲೇ ಇತ್ತೆಂದು ತಿಳಿಯಿತು. ಹಿಂದಿನ ಮಾಲೀಕರ ವಿಮಾ ಪಾಲಿಸಿಯ ಪ್ರತಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬಲ್ಲಿ ಸೊನ್ನೆ ಎಂದಿತ್ತು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, 50 ಎಂದು ಏರುತ್ತ ಹೋಗುವ ವಿಮಾ ಕಂತಿನ ಈ ರಿಯಾಯಿತಿ ಒಂದು ಕ್ಲೇಮ್ ಆದೊಡನೆ ಸೊನ್ನೆಗೆ ಇಳಿಯುತ್ತದೆ. ಪಾಲಿಸಿಯನ್ನು ತಿಂಗಳುಗಟ್ಟಲೆ ನವೀಕರಿಸದೆ ಬಿಟ್ಟಾಗ ಅಥವಾ ಮಾಲೀಕರು ಬದಲಾದಾಗಲೂ ಸೊನ್ನೆಯಾಗಬಹುದು, ಬಂಪರಿನ ಸಣ್ಣ ಗೀರಿಗೆ ಕ್ಲೇಮ್ ಮಾಡಿದರೂ ಆಗುತ್ತದೆ. ಆದ್ದರಿಂದ ಅದೊಂದೇ ಸಾಕ್ಷಿಯಲ್ಲ. ಆದರೆ ಒಬ್ಬರೇ ಮಾಲೀಕರಿದ್ದ, ಪಾಲಿಸಿ ಎಂದೂ ನಿಲ್ಲದ, ನಾಲ್ಕು ವರ್ಷದ ಕಾರಿನಲ್ಲಿ ಸೊನ್ನೆ ಕಂಡರೆ ಏಕೆ ಎಂದು ಕೇಳಲೇಬೇಕು. ನಾನು ಕೇಳಿರಲಿಲ್ಲ.

ಆರ್‌ಸಿ ನನ್ನ ಹೆಸರಿನಲ್ಲಿದ್ದುದರಿಂದ ಕಾರು ತಯಾರಕರ ಅಧಿಕೃತ ಸರ್ವಿಸ್ ಸೆಂಟರಿನವರು ಚಾಸಿ ಸಂಖ್ಯೆ ಹಾಕಿ ಹಳೆಯ ಜಾಬ್ ಕಾರ್ಡುಗಳನ್ನು ತೆಗೆದುಕೊಟ್ಟರು. 2022ರಲ್ಲಿ ವಿಮೆಯ ಕ್ಲೇಮಿನಡಿ 1,86,000 ರೂಪಾಯಿಯ ಬಾಡಿ ರಿಪೇರಿ ನಡೆದಿತ್ತು: ಎಡ ಏಪ್ರನ್, ರೇಡಿಯೇಟರ್ ಸಪೋರ್ಟ್, ಬಾನೆಟ್, ಫೆಂಡರ್, ಹೆಡ್‌ಲೈಟ್, ಎಸಿ ಕಂಡೆನ್ಸರ್ ಎಲ್ಲವೂ ಬದಲಾಗಿದ್ದವು. ಏರ್‌ಬ್ಯಾಗ್ ತೆರೆದಿರಲಿಲ್ಲ ಎಂಬುದಷ್ಟೇ ಸಮಾಧಾನ. ಸಾರಿಗೆ ಇಲಾಖೆಯ ವಾಹನ್ ದಾಖಲೆಯಲ್ಲಿ ಮಾಲೀಕರ ಕ್ರಮಸಂಖ್ಯೆ, ಸಾಲ, ವಿಮೆಯ ಅವಧಿ ಎಲ್ಲ ಸಿಗುತ್ತವೆ, ಅಪಘಾತದ ವಿವರ ಸಿಗುವುದಿಲ್ಲ. ಹಳೆಯ ವಾಹನಗಳ ಡೀಲರುಗಳಿಗೆ ನೋಂದಣಿ ಅಧಿಕಾರಿಯ ಅನುಮತಿಯನ್ನು ಕಡ್ಡಾಯ ಮಾಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವೂ ಗಾಡಿ ಯಾರ ವಶದಲ್ಲಿದೆ ಎಂಬುದನ್ನು ದಾಖಲಿಸುತ್ತದೆಯೇ ಹೊರತು ಅದಕ್ಕೆ ಏನಾಗಿತ್ತು ಎಂಬುದನ್ನಲ್ಲ.

ಕಂಪನಿಗೆ ಮಿಂಚಂಚೆ ಬರೆದಾಗ ಬಂದ ಉತ್ತರದಲ್ಲಿ, ಪ್ರಮಾಣಪತ್ರದಲ್ಲಿ ಇರುವುದು ‘ಪ್ರಮುಖ ರಚನಾತ್ಮಕ ಹಾನಿ ಕಂಡುಬಂದಿಲ್ಲ’ ಎಂಬ ಮಾತು, ಪರೀಕ್ಷೆಯು ಕಣ್ಣಿಗೆ ಕಾಣುವ ಭಾಗಗಳಿಗೆ ಸೀಮಿತ, ಹಿಂದಿರುಗಿಸುವ ಏಳು ದಿನಗಳ ಅವಧಿ ಮುಗಿದಿದೆ ಎಂದಿತ್ತು. ಸೌಹಾರ್ದದ ಕುರುಹಾಗಿ 15,000 ರೂಪಾಯಿಯ ಸರ್ವಿಸ್ ವೋಚರ್ ಕೊಡುವುದಾಗಿಯೂ ಬರೆದಿದ್ದರು. ಜಾಹೀರಾತಿನಲ್ಲಿ ಒಂದು ಪದ, ಪ್ರಮಾಣಪತ್ರದಲ್ಲಿ ಇನ್ನೊಂದು ಪದ ಬಳಸಿದ್ದು ಆಕಸ್ಮಿಕವಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಆದರೂ, ಬಹುಶಃ ಅವರ ಪರೀಕ್ಷಕರಿಗೆ ನಿಜವಾಗಿಯೂ ಕಂಡಿರಲಿಕ್ಕಿಲ್ಲ ಎಂದೇ ನಾನು ಭಾವಿಸಿದ್ದೆ.

ಆ ಭಾವನೆ ಹೋದದ್ದು ಹಿಂದಿನ ಮಾಲೀಕರೊಂದಿಗೆ ಮಾತಾಡಿದ ದಿನ. ಹಳೆಯ ಪಾಲಿಸಿಯಲ್ಲಿದ್ದ ಸಂಖ್ಯೆಗೆ ಹಿಂಜರಿಯುತ್ತಲೇ ಫೋನ್ ಮಾಡಿದೆ. ಅವರು ಸಭ್ಯರು. “ನಾನೇನೂ ಮುಚ್ಚಿಟ್ಟಿಲ್ಲ ಸರ್, ಲಾರಿಗೆ ತಗುಲಿದ್ದನ್ನು ಹೇಳಿಯೇ ಕೊಟ್ಟದ್ದು. ಅದನ್ನೇ ಹಿಡಿದು ನಲವತ್ತು ಸಾವಿರ ಕಮ್ಮಿ ಮಾಡಿದರು” ಎಂದರು. ಕಂಪನಿಯು ಅವರಿಂದ ಕಾರು ಕೊಳ್ಳುವಾಗ ಕೊಟ್ಟಿದ್ದ ಪರೀಕ್ಷಾ ವರದಿಯನ್ನು ಅಂದು ಸಂಜೆಯೇ ಕಳುಹಿಸಿದರು. ಅದರಲ್ಲಿ ‘ಎಡ ಏಪ್ರನ್: ದುರಸ್ತಿಯಾಗಿದೆ’ ಎಂದು ಫೋಟೋ ಸಹಿತ ನಮೂದಾಗಿತ್ತು. ಅದೇ ಕಂಪನಿ, ಅದೇ ಕಾರು, ಇಪ್ಪತ್ತೆರಡು ದಿನಗಳ ಅಂತರ. ಕೊಳ್ಳುವಾಗಿನ ವರದಿಯಲ್ಲಿದ್ದ ಆ ಸಾಲು ನನಗೆ ಮಾರುವಾಗಿನ ವರದಿಯಲ್ಲಿ ಇರಲಿಲ್ಲ. ಬೆಲೆ ಇಳಿಸಲು ಬಳಸಿದ ಮಾಹಿತಿಯನ್ನು ಬೆಲೆ ಏರಿಸುವಾಗ ತೆಗೆದುಹಾಕಿದ್ದರು. ಈ ವಿಮರ್ಶೆಯಲ್ಲಿ ನನ್ನ ನಿಜವಾದ ದೂರು ಇದೊಂದೇ. ಹಳೆಯ ಕಾರಿಗೆ ಏಟು ಬಿದ್ದಿರುವುದು ಅಪರಾಧವಲ್ಲ. ಸರಿಯಾಗಿ ದುರಸ್ತಿಯಾದ ಗಾಡಿಯನ್ನು ನಿಜ ಹೇಳಿ, ತಕ್ಕ ಬೆಲೆಗೆ ಕೊಟ್ಟಿದ್ದರೆ ನಾನೇ ಕೊಳ್ಳುತ್ತಿದ್ದೆನೋ ಏನೋ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವಾ ನ್ಯೂನತೆ ಎಂಬುದರ ವ್ಯಾಖ್ಯೆಯಲ್ಲಿಯೇ, ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನು ಸೇರಿಸಿದೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು ಎಂಬುದೂ ಅದರಲ್ಲಿದೆ. ಹೀಗಾಗಿ ಬೆಂಗಳೂರಿಗೆ ಅಲೆಯದೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಿದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಐದರಿಂದ ಹತ್ತು ಲಕ್ಷದವರೆಗಿನದಕ್ಕೆ 200 ರೂಪಾಯಿ. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೆ, ಅದರಿಂದ ವೋಚರಿನ ಮೊತ್ತ ಮಾತ್ರ ಸ್ವಲ್ಪ ಏರಿತು. ಆಯೋಗಕ್ಕೆ ಆಗ ಇ-ದಾಖಿಲ್ ಎಂಬ ಆನ್‌ಲೈನ್ ಪೋರ್ಟಲ್ ಮೂಲಕ ದೂರು ಸಲ್ಲಿಸಿದೆ, 2025ರಿಂದ ಆ ಕೆಲಸಕ್ಕೆ ಇ-ಜಾಗೃತಿ ಬಂದಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದು ನೆನಪಿರಲಿ. ನನ್ನ ಕೈ ಬಲಪಡಿಸಿದ ದಾಖಲೆಗಳು ಮೂರು: ಜಾಹೀರಾತಿನ ಸ್ಕ್ರೀನ್‌ಶಾಟ್, “ಯಾವ ಆಕ್ಸಿಡೆಂಟೂ ಆಗಿಲ್ಲ ಸರ್” ಎಂಬ ಮಾರಾಟ ಪ್ರತಿನಿಧಿಯ ವಾಟ್ಸಾಪ್ ಸಂದೇಶ, ಮತ್ತು ಹಿಂದಿನ ಮಾಲೀಕರು ಕಳುಹಿಸಿದ ಆ ವರದಿ. ವಿಚಾರಣೆ ಮುಂದುವರಿಯುವ ಮೊದಲೇ ವಿಷಯ ಮಧ್ಯಸ್ಥಿಕೆಗೆ ಹೋಗಿ, 85,000 ರೂಪಾಯಿಗೆ ರಾಜಿಯಾಯಿತು. ನಾನು ಕೇಳಿದ್ದು ಪೂರ್ತಿ ಹಣ. ಆದರೆ ಅಮ್ಮನ ಚಿಕಿತ್ಸೆ ನಡೆಯುತ್ತಿದ್ದಾಗ ಕಾರು ಬಿಟ್ಟುಕೊಟ್ಟು ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಂಥ ಕಂಪನಿಗಳಿಂದ ಕೊಳ್ಳುವವರಿಗೆ ನನ್ನ ಸಲಹೆ: ನಿಮಗೆ ತೋರಿಸುವ ಪ್ರಮಾಣಪತ್ರದ ಜೊತೆಗೆ, ಹಿಂದಿನ ಮಾಲೀಕರಿಂದ ಕೊಳ್ಳುವಾಗ ಕಂಪನಿಯೇ ಸಿದ್ಧಪಡಿಸಿದ ವರದಿಯನ್ನೂ ಲಿಖಿತವಾಗಿ ಕೇಳಿ. ಕೊಡಲು ಒಪ್ಪದಿದ್ದರೆ ಟೋಕನ್ ಹಣ ಕೊಡಬೇಡಿ. ಅಧಿಕೃತ ಸರ್ವಿಸ್ ಸೆಂಟರಿನ ಬಾಡಿ ರಿಪೇರಿ ಇತಿಹಾಸವನ್ನು ಮಾರುವವರಿಂದಲೇ ತರಿಸಿ. ‘ರಚನಾತ್ಮಕ’ ಎಂಬ ಪದ ಎಲ್ಲಿ ಕಂಡರೂ ಅದರ ಜಾಗದಲ್ಲಿ ಏಪ್ರನ್, ಪಿಲ್ಲರ್, ಚಾಸಿ ಎಂದು ಭಾಗಗಳ ಹೆಸರನ್ನೇ ಬರೆಸಿ. ಹಿಂದಿರುಗಿಸುವ ಏಳು ದಿನಗಳಲ್ಲಿ ಮೊದಲ ದಿನವೇ ಸ್ವತಂತ್ರ ಟಿಂಕರಿಂಗ್ ಮೇಸ್ತ್ರಿಯೊಬ್ಬರಿಗೆ ತೋರಿಸಿ. ನನ್ನಿಂದ ಅವರು ತೆಗೆದುಕೊಂಡದ್ದು 300 ರೂಪಾಯಿ.

ಎಡ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಮತ್ತು ಸ್ಟ್ರಟ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಸರಿಹೋಗಿದೆ. ಹೊಸ ಟೈರುಗಳು 14,000 ಕಿಲೋಮೀಟರ್ ಓಡಿದ್ದು, ಒಳ ಅಂಚಿನ ಸವೆತ ಮತ್ತೆ ಕಂಡಿಲ್ಲ. ಏಪ್ರನ್ ಸುತ್ತಲಿನ ಭಾಗ ಡಿಕ್ಕಿಯ ರಭಸವನ್ನು ತಾನು ಹೀರಿ ಒಳಗಿರುವವರನ್ನು ಕಾಯಬೇಕಾದದ್ದು. ಕತ್ತರಿಸಿ ಬೆಸೆದ ಮೇಲೆ ಅದು ಮೊದಲಿನಂತೆಯೇ ಮಡಿಯುತ್ತದೆಯೇ ಎಂದು ಸರ್ವಿಸ್ ಸೆಂಟರಿನ ಎಂಜಿನಿಯರರನ್ನು ಕೇಳಿದೆ. ಹೊರಗಿನಿಂದ ನೋಡಿ ಖಾತ್ರಿ ಕೊಡಲಾಗದು ಎಂದರು. ಅಂದಿನಿಂದ ಅಮ್ಮ ಹಿಂದೆ, ಬಲಗಡೆಯ ಸೀಟಿನಲ್ಲಿ ಕೂರುತ್ತಾರೆ. ಕಾಲು ಚಾಚಲು ಅಲ್ಲಿ ಜಾಗ ಸಾಲದು. ನೆಲಮಂಗಲದ ಹತ್ತಿರ ಒಮ್ಮೆ ನಿಲ್ಲಿಸಿ, ಅವರು ಇಳಿದು ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಮುಂದೆ ಹೊರಡುತ್ತೇವೆ.