ಮೂರು ವರ್ಷ ಹೈಫಾನೆಟ್ ಓಡಿಸಿದ ಮೇಲೆ: ನೋಡ್ ಆಫ್ ಮಾಡಬೇಡಿ

ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಮೂರು ವರ್ಷದಿಂದ ಹೈಫಾನೆಟ್ ನೋಡ್ ಓಡಿಸುತ್ತಿದ್ದೇನೆ. ಹೈಫಾನೆಟ್ ಅಂದರೆ ಕೇಂದ್ರ ಸರ್ವರ್ ಇಲ್ಲದೆ, ಬಳಸುವವರ ಕಂಪ್ಯೂಟರುಗಳಲ್ಲೇ ಪುಟ, ಫೈಲುಗಳನ್ನು ಗುಟ್ಟಾಗಿ ಹಂಚಿಡುವ ನೆಟ್‌ವರ್ಕು. ಅದರಲ್ಲಿ ಸೇರಿದ ಒಂದೊಂದು ಕಂಪ್ಯೂಟರೂ ಒಂದು ನೋಡ್. ಇಯಾನ್ ಕ್ಲಾರ್ಕ್ 2000ದಲ್ಲಿ ಹೊರತಂದ ಫ್ರೀನೆಟ್ ಇದೇ. 2023ರಲ್ಲಿ ಹೆಸರು ಬದಲಾಯಿತು. ಹಳೆಯ ಹೆಸರು ಈಗ ಅವರದೇ ಬೇರೆ ಪ್ರಾಜೆಕ್ಟಿಗೆ ಹೋಗಿದೆ, ಡೌನ್‌ಲೋಡ್ ಮಾಡುವಾಗ ನೋಡಿಕೊಳ್ಳಿ.

ಶುರುವಿನಲ್ಲಿ ಸಂಜೆ ಎರಡು ಗಂಟೆ ಮಾತ್ರ ಹಾಕುತ್ತಿದ್ದೆ. ಒಂದು ಪುಟ ತೆರೆಯಲು ನಾಲ್ಕೈದು ನಿಮಿಷ ಕಾಯಬೇಕಿತ್ತು. ತೆಗೆದುಹಾಕೋಣ ಅಂತಲೇ ಇದ್ದೆ. ಆಮೇಲೆ ಅಂಕಿಅಂಶದ ಪುಟದಲ್ಲಿ ಒಂದು ವೃತ್ತ ಕಣ್ಣಿಗೆ ಬಿತ್ತು.

ಆ ವೃತ್ತವೇ ಇಡೀ ನೆಟ್‌ವರ್ಕು. 0ಯಿಂದ 1ರವರೆಗೆ ಸಂಖ್ಯೆಗಳು, 1 ಬಂದು ಮತ್ತೆ 0ಗೆ ಸೇರುತ್ತದೆ. ಹಾಗಾಗಿ 0.95 ಮತ್ತು 0.05 ನಡುವೆ ದೂರ ಬರೀ 0.1. ನನ್ನ ನೋಡ್ 0.73ರಲ್ಲಿದೆ. ನಾನಿರುವ ಊರಿಗೂ ಆ ಸಂಖ್ಯೆಗೂ ಸಂಬಂಧವೇ ಇಲ್ಲ. ಫೈಲಿನ ತುಂಡುಗಳಿಗೂ ಇದೇ ವೃತ್ತದಲ್ಲಿ ಜಾಗ ಇದೆ. ಒಂದೊಂದು ತುಂಡು 32 ಕೆಬಿ. ಅದರ ಕೀ, ಅಂದರೆ ವಿಳಾಸ, ಅದರೊಳಗಿನ ಮಾಹಿತಿಯಿಂದಲೇ ಹುಟ್ಟುತ್ತದೆ, ಒಂದು ಅಕ್ಷರ ಬದಲಾದರೂ ಜಾಗ ಬೇರೆ.

ಈಗ 0.31ರ ತುಂಡು ಬೇಕು ಅಂದುಕೊಳ್ಳಿ. ನನ್ನ ನೋಡ್ ತನ್ನ ಪೀರ್‌ಗಳಲ್ಲಿ (ತಾನು ನೇರವಾಗಿ ಜೋಡಿಸಿಕೊಂಡ ನೋಡ್‌ಗಳಲ್ಲಿ) 0.31ಕ್ಕೆ ಹತ್ತಿರ ಯಾರಿದ್ದಾರೆ ನೋಡಿ ಅವರಿಗೆ ಕೇಳುತ್ತದೆ. 0.28ರವರು ಸಿಕ್ಕರೆ ಅವರು 0.30ರವರಿಗೆ ದಾಟಿಸುತ್ತಾರೆ. ದಾರಿಯ ನಕ್ಷೆ ಯಾರ ಹತ್ತಿರವೂ ಇಲ್ಲ. ಹತ್ತಿರದ ಪೀರ್‌ಗಳು ಜಾಸ್ತಿ, ದೂರದವರು ಕೆಲವರು ಇದ್ದರೆ ಇಷ್ಟೇ ಸಾಕು. ಹುಡುಕಾಟ ಅನಂತವಾಗಿ ಸುತ್ತದಂತೆ, ಕೋರಿಕೆ ಒಂದೊಂದು ನೋಡ್ ದಾಟಿದಂತೆ 18ರಿಂದ ಕೆಳಗೆ ಎಣಿಕೆ ಇಳಿಯುತ್ತದೆ. 18ರಲ್ಲಿ ಮಾತ್ರ ಎಣಿಕೆ ಕೆಲವು ಸಲ ಇಳಿಯುವುದೇ ಇಲ್ಲ. ಹಾಗಾಗಿ 18 ಕಂಡ ಮಾತ್ರಕ್ಕೆ ಪಕ್ಕದವರೇ ಕೇಳಿದ್ದು ಅಂತ ಹೇಳಲಾಗದು. ಇದು ನನಗೆ ತುಂಬಾ ಹಿಡಿಸಿದ ವಿಷಯ.

ಅಪರಿಚಿತರ ನೋಡ್‌ಗಳಿಗೂ ತಾನಾಗಿಯೇ ಸೇರಿಕೊಳ್ಳುವ ಓಪನ್‌ನೆಟ್‌ನಲ್ಲಿ ಕೇಳಿದ್ದು ಸಿಕ್ಕಿದಾಗಲೆಲ್ಲ ಹೊಸ ಪೀರ್ ಸಿಗುವ ಅವಕಾಶ ಇರುತ್ತದೆ. ಹೀಗೇ ನಿಧಾನವಾಗಿ ಒಳ್ಳೆಯ ನೆರೆಹೊರೆ ಕೂಡಿಬರುತ್ತದೆ. ಎರಡೇ ಗಂಟೆ ಓಡಿಸಿ ಆಫ್ ಮಾಡುತ್ತಿದ್ದ ನಾನು ಅದಕ್ಕೆ ಸಮಯವೇ ಕೊಟ್ಟಿರಲಿಲ್ಲ, ಅಲ್ವಾ? ಯುಪಿಎಸ್ ಹಾಕಿಸಿ ದಿನವಿಡೀ ಓಡಿಸಿದೆ. ಎರಡು ವಾರದಲ್ಲಿ ವೃತ್ತದಲ್ಲಿ ಪೀರ್‌ಗಳನ್ನು ತೋರಿಸುವ ಗೆರೆಗಳಲ್ಲಿ ಹೆಚ್ಚಿನವು 0.73ರ ಸುತ್ತ ಗುಂಪುಗೂಡಿದ್ದವು. ಪುಟಗಳು ಅರ್ಧ ನಿಮಿಷದೊಳಗೆ ಬರತೊಡಗಿದವು.

ಕೊರತೆ ಇದೆ. ಯಾರೂ ಕೇಳದ ಫೈಲು ಕ್ರಮೇಣ ಅಳಿಸಿಹೋಗುತ್ತದೆ. ನಾನು ಹಾಕಿದ್ದ ತಾತನ ಕೈಬರಹದ ಸ್ಕ್ಯಾನ್ ಎಂಟು ತಿಂಗಳ ನಂತರ ಗೆಳೆಯನಿಗೆ ಪೂರ್ತಿ ಸಿಗಲೇ ಇಲ್ಲ. ಮತ್ತೆ ಹಾಕಬೇಕಾಯಿತು. ವೀಡಿಯೊ ನೋಡಲು ಇದು ಬೇಡವೇ ಬೇಡ.

ಗೋಪ್ಯತೆ ನಿಜವಾಗಿ ಮುಖ್ಯವಾದವರು ನಂಬಿದ ಗೆಳೆಯರನ್ನಷ್ಟೇ ಸೇರಿಸುವ ಡಾರ್ಕ್‌ನೆಟ್ ಬಳಸಿ. ಓಪನ್‌ನೆಟ್‌ನಲ್ಲಿ ಪಕ್ಕದವರು ಅಪರಿಚಿತರು. ಡಾರ್ಕ್‌ನೆಟ್‌ನಲ್ಲಿ ಸಂಪರ್ಕಗಳು ಬದಲಾಗುವುದಿಲ್ಲ. ಅದಕ್ಕೇ ನೋಡ್‌ಗಳು ತಮ್ಮ ಸಂಖ್ಯೆಯನ್ನೇ ಅದಲುಬದಲು ಮಾಡಿಕೊಂಡು ಸರಿಯಾದ ಜಾಗಕ್ಕೆ ಬರುತ್ತವೆ. ಇದು ಗಣಿತಜ್ಞ ಆಸ್ಕರ್ ಸ್ಯಾಂಡ್‌ಬರ್ಗ್ ಅವರ ಯೋಚನೆ. ಸದ್ಯ ನನಗೆ ಅಂಥ ಗೆಳೆಯರು ಇಬ್ಬರೇ ಇದ್ದಾರೆ. ಇನ್ನೂ ಮೂವರನ್ನು ಒಪ್ಪಿಸಲು ನೋಡುತ್ತಿದ್ದೇನೆ.